87ಕ್ಕೆ 89: ಒಂದು ಹಳೆ ರೇಷ್ಮೆ ಚೌಕ ಕೊಂಡ ಪ್ರಕರಣ

ಈ ಪ್ರಕರಣದಲ್ಲಿ ಎರಡು ಸ್ಕಾರ್ಫುಗಳಿವೆ. ಎರಡರ ಮೇಲೂ ಎರ್ಮೆಸ್ (Hermès) ಅನ್ನುವ ಫ್ರೆಂಚ್ ಕಂಪನಿಯ ಹೆಸರು. ಎರಡೂ ಒಂದೇ ಡಿಸೈನು. ಎರಡಕ್ಕೂ ಕೆಂಪು ಬಾರ್ಡರು. ಎರಡೂ ಯಾರೋ ಬಳಸಿ ಮಾರಾಟಕ್ಕೆ ಇಟ್ಟವು. ಒಂದು ಈಗಷ್ಟೇ ಅಂಗಡಿಯಿಂದ ತಂದ ಹಾಗಿತ್ತು. ಇನ್ನೊಂದು ಮಂಕಾಗಿತ್ತು, ಕುಗ್ಗಿತ್ತು, ಅಲ್ಲಲ್ಲಿ ಬಣ್ಣ ಹರಡಿತ್ತು, ಮೂಲೆಯಲ್ಲಿ ಬೇರೆ ದಾರದ ಹೊಲಿಗೆ ಇತ್ತು. ನಾನು ಮೊದಲು ಹೊಳೆಯುವುದನ್ನು ಕೊಂಡೆ. ಅದು ನಕಲಿ. ಆಮೇಲೆ ಮಂಕಾದದ್ದನ್ನು ಕೊಂಡೆ. ಅದು ಅಸಲಿ. ಅಸಲಿ ಅಂತ ಹೇಗೆ ತೀರ್ಮಾನಿಸಿದೆ, ಎಲ್ಲಿ ಎಡವಿದೆ, ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಬಳಸಿದ ಸ್ಕಾರ್ಫು ಕೊಳ್ಳುವ ಆಸೆ ಇರುವವರಿಗೆ ಇದರಲ್ಲಿ ಏನಾದರೂ ಸಿಕ್ಕೀತು.

ನಾನು ಶಿಡ್ಲಘಟ್ಟದವಳು. ನನ್ನ ಸೋದರಮಾವನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡಿನ ಮಾರ್ಕೆಟ್ಟು, ಬಿಸಿನೀರಲ್ಲಿ ಬೇಯುವ ಗೂಡಿನ ವಾಸನೆ, ಒದ್ದೆ ಕೈಯಲ್ಲಿ ಎಳೆ ಹುಡುಕುವ ಹೆಂಗಸರು, ಇವೆಲ್ಲ ನೋಡಿಕೊಂಡೇ ಬೆಳೆದೆ. ಈಗ ಕೆಲಸದ ಮೇಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದೇನೆ. ನನ್ನ ಮನೆ ಕ್ರುವಾ ರೂಸ್ ಅನ್ನುವ ಗುಡ್ಡದ ಇಳಿಜಾರಿನಲ್ಲಿದೆ. 19ನೇ ಶತಮಾನದಲ್ಲಿ ಇಡೀ ಗುಡ್ಡ ರೇಷ್ಮೆ ನೇಕಾರರದ್ದಾಗಿತ್ತು. ಇಲ್ಲಿನ ಮನೆಗಳಿಗೆ ಸೂರು ತುಂಬಾ ಎತ್ತರ. ಚಿತ್ರ ನೇಯುವ ಎತ್ತರದ ಜಕಾರ್ಡ್ ಮಗ್ಗ ಹಿಡಿಸಲಿ ಅಂತ ಹಾಗೆ ಕಟ್ಟಿದ್ದು. ಕೂಲಿ ಸಾಲದು ಅಂತ 1831ರಲ್ಲಿ ಈ ನೇಕಾರರು ದಂಗೆ ಎದ್ದಿದ್ದರು. ರೇಷ್ಮೆ ಊರಿಂದ ಹೊರಟು ಇನ್ನೊಂದು ರೇಷ್ಮೆ ಊರಿಗೇ ಬಂದು ಸೇರಿದ ಹಾಗಾಯಿತು ನನಗೆ.

ಸ್ಕಾರ್ಫ್ ಹುಚ್ಚು ಹತ್ತಿದ್ದು ಇಲ್ಲಿಯೇ. ಎರ್ಮೆಸ್ ಕಂಪನಿಯ ಸ್ಕಾರ್ಫಿಗೆ ಬಟ್ಟೆಯ ಮೇಲೆ ಬಣ್ಣ ಅಚ್ಚು ಹಾಕುವ ಕೆಲಸ ನಡೆಯುವುದು ಲಿಯೋನ್ ಪಕ್ಕದಲ್ಲೇ ಇರುವ ಪಿಯೆರ್ ಬೆನಿತ್‌ನಲ್ಲಿ. ಫ್ರೆಂಚರು ಇದನ್ನು ಕಾರೇ ಅನ್ನುತ್ತಾರೆ. ಚೌಕ ಅಂತ ಅರ್ಥ. ನಮ್ಮಲ್ಲೂ ಕೆಲವು ಕಡೆ ಹೆಗಲ ಮೇಲೆ ಹಾಕುವ ಬಟ್ಟೆಗೆ ಚೌಕ ಅಂತಲೇ ಹೇಳುತ್ತಾರೆ ಅಲ್ವಾ? ಹಾಗಾಗಿ ನನ್ನ ಬಾಯಲ್ಲಿ ಇದು ಚೌಕವೇ.

ವಸ್ತು ಯಾವುದು

ಎರ್ಮೆಸ್ 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆ ಸರಂಜಾಮು ಮಾಡುವ ಅಂಗಡಿಯಾಗಿ ಶುರುವಾಯಿತು. ಸರಿಯಾಗಿ ನೂರು ವರ್ಷಕ್ಕೆ, 1937ರಲ್ಲಿ, ಮೊದಲ ರೇಷ್ಮೆ ಚೌಕ ಬಂತು. ಈ ಕುದುರೆಯ ನಂಟು ಸ್ಕಾರ್ಫುಗಳಲ್ಲಿ ಇವತ್ತಿಗೂ ಇದೆ. ನಾನು ಹುಡುಕುತ್ತಿದ್ದ ಡಿಸೈನಿನ ಹೆಸರು ಬ್ರೀದ್ ದ ಗಾಲಾ. ಮೆರವಣಿಗೆಯ ಲಗಾಮು ಅನ್ನಬಹುದು. ಕುದುರೆಯ ಮುಖಕ್ಕೆ ಕಟ್ಟುವ ಅಲಂಕಾರದ ಚರ್ಮದ ಮೊಗವಾಡಗಳನ್ನು ಎದುರುಬದುರು ಇಟ್ಟು ಬರೆದ ಚಿತ್ರ ಅದು. ಬರೆದವರು ಯೂಗೋ ಗ್ರಿಗ್ಕಾರ್, 1957ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಸಲ, ಎಷ್ಟೋ ಬಣ್ಣಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ. ಅದಕ್ಕೇ ಮಾರುವವರು "1957ರ ಸ್ಕಾರ್ಫು" ಅಂದರೆ ನಂಬಬಾರದು. 1957 ಡಿಸೈನು ಹುಟ್ಟಿದ ವರ್ಷ. ಕೈಯಲ್ಲಿರುವ ಬಟ್ಟೆ ಯಾವ ವರ್ಷದ್ದು ಅನ್ನುವುದು ಬೇರೆ ಮಾತು. ಇಷ್ಟು ಹೆಸರಾದ ಡಿಸೈನು ಆದ್ದರಿಂದ ಇದರ ನಕಲಿಗಳೂ ಜಾಸ್ತಿ.

ಚೌಕದ ಅಳತೆ 90 ಸೆಂಟಿಮೀಟರಿಗೆ 90. ತೂಕ ಸುಮಾರು 65 ಗ್ರಾಂ. ಬಟ್ಟೆ ಟ್ವಿಲ್ ನೇಯ್ಗೆಯ ರೇಷ್ಮೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಓರೆ ಗೆರೆಗಳು ಕಾಣುತ್ತವೆ. ಬಣ್ಣ ಹಾಕುವುದು ಚೌಕಟ್ಟಿನ ಅಚ್ಚಿನಿಂದ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಒಂದೊಂದು ಡಿಸೈನಿಗೆ ಮೂವತ್ತು, ನಲವತ್ತು ಚೌಕಟ್ಟು ಬೇಕಾಗುವುದೂ ಉಂಟು. ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಕೊನೆಗೆ ನಾಲ್ಕೂ ಅಂಚನ್ನು ಕೈಯಲ್ಲೇ ಸುರುಳಿ ಸುತ್ತಿ, ಕೈಯಲ್ಲೇ ಹೊಲಿಯುತ್ತಾರೆ.

ಹೊಸದಕ್ಕೆ ಅಂಗಡಿಯಲ್ಲಿ 400 ಯೂರೋಗಿಂತ ಜಾಸ್ತಿ. ಅಷ್ಟು ಕೊಟ್ಟು ಸಂಗ್ರಹ ಮಾಡುವುದು ನನ್ನ ಕೈಯಲ್ಲಾಗದು. ಜೊತೆಗೆ ಹಳೆಯದರ ಮೇಲೇ ನನಗೆ ಪ್ರೀತಿ ಜಾಸ್ತಿ. ಈ ಕಡೆ ವಸಂತ ಬಂದರೆ ಬೀದಿ ಬೀದಿಯಲ್ಲಿ ವೀದ್ ಗ್ರೆನಿಯೆ ನಡೆಯುತ್ತದೆ. ಅಟ್ಟ ಖಾಲಿ ಮಾಡುವ ಸಂತೆ ಅಂದುಕೊಳ್ಳಿ. ಅಲ್ಲಿ, ಹಳೆ ಬಟ್ಟೆ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ನಾಲ್ಕು ಚೌಕ ಕೂಡಿಸಿದ್ದೆ. ಬ್ರೀದ್ ದ ಗಾಲಾ ಐದನೆಯದು ಆಗಬೇಕಿತ್ತು.

ಮೊದಲನೆಯದು

ಮಾರ್ಚ್‌ನಲ್ಲಿ ಒಂದೇ ವಾರದಲ್ಲಿ, ಬಳಸಿದ ವಸ್ತು ಮಾರುವ ಆನ್‌ಲೈನ್ ತಾಣದಲ್ಲಿ, ಎರಡು ಜಾಹೀರಾತು ಕಂಡವು. ಒಂದಕ್ಕೆ 160 ಯೂರೋ. ಕಿತ್ತಳೆ ಬಣ್ಣದ ಡಬ್ಬ, ಕಂದು ರಿಬ್ಬನ್ನು, ಅಂಗಡಿಯ ರಸೀದಿ, ಎಲ್ಲದರ ಫೋಟೋ ಇತ್ತು. ಸ್ಕಾರ್ಫಿನಲ್ಲಿ ಒಂದು ಕಲೆ ಇಲ್ಲ. ಇನ್ನೊಂದಕ್ಕೆ 110 ಯೂರೋ. ಮಸುಕಾದ ಮೂರು ಫೋಟೋ. "ಅಮ್ಮನದು, ಡಬ್ಬ ಇಲ್ಲ" ಅಂತ ಒಂದು ಸಾಲು. ಲೇಬಲ್ಲೂ ಇಲ್ಲ.

ನಾನು ಡಬ್ಬ ಇದ್ದದ್ದನ್ನು ಆರಿಸಿಕೊಂಡೆ. 50 ಯೂರೋ ಜಾಸ್ತಿ ಕೊಟ್ಟರೆ ನೆಮ್ಮದಿ ಸಿಗುತ್ತದೆ ಅಂದುಕೊಂಡೆ.

ಪಾರ್ಸಲ್ ಬಂದ ದಿನ ಸಂಜೆ ಬಿಚ್ಚಿದೆ. ಬೆರಳಿಗೆ ಮೊದಲು ಗೊತ್ತಾಯಿತು. ಬಟ್ಟೆ ತೆಳು, ಆದರೆ ಬಿರುಸು. ಒಳ್ಳೆ ರೇಷ್ಮೆ ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮೆತ್ತಗೆ ಅರಳುತ್ತದೆ. ಇದು ಕಾಗದದ ಹಾಗೆ ಮುರಿದು ನಿಂತಿತು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ. 51 ಗ್ರಾಂ. ಅಳತೆ ಮಾತ್ರ 90ಕ್ಕೆ 90, ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ.

ಆಮೇಲೆ ಭೂತಗನ್ನಡಿ ಹಿಡಿದೆ. ಲಗಾಮಿನ ಚರ್ಮದ ಮೇಲೆ ಹೊಲಿಗೆ ಹಾಕಿದ ಹಾಗೆ ಸಣ್ಣ ಚುಕ್ಕಿಗಳ ಸಾಲು ಬರೆದಿರುತ್ತಾರೆ. ಇದರಲ್ಲಿ ಆ ಚುಕ್ಕಿಗಳು ಒಂದಕ್ಕೊಂದು ಸೇರಿ ಗೆರೆಯಾಗಿದ್ದವು. ಕಪ್ಪು ಗೆರೆ ಒಂದು ಕಡೆ, ಅದರೊಳಗೆ ತುಂಬಬೇಕಾದ ಬಣ್ಣ ಅರ್ಧ ಮಿಲಿಮೀಟರ್ ಆಚೆ. ತಿರುಗಿಸಿ ಹಿಂಬದಿ ನೋಡಿದರೆ ಬಣ್ಣ ತೇಲಿಸಿದ ಹಾಗೆ ಪೇಲವ. ಅಸಲಿ ಚೌಕದಲ್ಲಿ ಬಣ್ಣ ಬಟ್ಟೆಯೊಳಗೆ ಇಳಿದಿರುತ್ತದೆ. ಹಿಂಬದಿ ಒಂದು ಚೂರು ತಿಳಿಯಾಗಿ ಕಂಡರೂ ಚಿತ್ರ ಪೂರ್ತಿ ಇರುತ್ತದೆ.

ಕೊನೆಗೆ ಅಂಚು. ಎರ್ಮೆಸ್‌ನವರು ಅಂಚನ್ನು ಮುಂಬದಿಗೆ ಸುತ್ತುತ್ತಾರೆ. ಅಂದರೆ ಚಿತ್ರ ಚೆನ್ನಾಗಿ ಕಾಣುವ ಕಡೆಗೆ ಅಂಚಿನ ಸುರುಳಿ ಉಬ್ಬಿ ಕೂತಿರುತ್ತದೆ. ಬೇರೆ ಎಷ್ಟೋ ಕಡೆ ಹಿಂಬದಿಗೆ ಮಡಚಿ ಹೊಲಿಯುವುದು ರೂಢಿ. ನನ್ನ ಕೈಯಲ್ಲಿದ್ದದ್ದು ಹಿಂದಕ್ಕೆ ಮಡಚಿತ್ತು. ಹೊಲಿಗೆ ಒಂದೇ ಅಳತೆಗೆ, ಅಳೆದು ಹಾಕಿದ ಹಾಗಿತ್ತು. ಕೈಹೊಲಿಗೆ ಎಷ್ಟೇ ನಾಜೂಕಾದರೂ ಹಾಗೆ ಬರುವುದಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಸಹಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಚೌಕದ ಮೇಲೆ ಕಂಪನಿಯ ಹೆಸರು ಬರೆದಿರುತ್ತದೆ, ಅದರಲ್ಲಿ ಎರಡನೇ 'ಇ' ಅಕ್ಷರದ ತಲೆ ಮೇಲೆ ಓರೆ ಗೀರು ಇರಬೇಕು. ನಕಲಿಯಲ್ಲಿ ಆ ಗೀರು ಇರುವುದಿಲ್ಲ ಅನ್ನುವ ಮಾತಿದೆ. ನನಗೆ ಬಂದ ನಕಲಿಯಲ್ಲಿ ಗೀರು ಸರಿಯಾಗಿಯೇ ಇತ್ತು. ನಕಲಿ ಮಾಡುವವರೂ ಅದನ್ನು ಕಲಿತಿದ್ದಾರೆ. ಗೀರು ಇಲ್ಲದಿದ್ದರೆ ಅನುಮಾನ ಪಡಬಹುದು. ಗೀರು ಇದೆ ಅಂತ ನಂಬಲು ಆಗುವುದಿಲ್ಲ.

ಹಾಗೆಯೇ ರೇಷ್ಮೆ ಪರೀಕ್ಷೆ. ರಾತ್ರಿ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. "ಒಂದು ಎಳೆ ಸುಟ್ಟು ನೋಡು ಕಣಮ್ಮಾ, ಗೊತ್ತಾಗುತ್ತೆ" ಅಂದರು. ಒಂದು ಮೂಲೆಯಲ್ಲಿ ಬಟ್ಟೆಯದೇ ಎಳೆ ಸಡಿಲವಾಗಿ ಹೊರಗೆ ಬಂದಿತ್ತು. ಕತ್ತರಿಸಿ ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು. ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗಬೇಕಿತ್ತು. ಅಂದರೆ ಬಟ್ಟೆ ರೇಷ್ಮೆಯೇ. ಮಾವನಿಗೆ ಬೇಜಾರಾಯಿತು. "ರೇಷ್ಮೆ ಅಸಲಿ, ಮಾಲು ನಕಲಿ. ಹಿಂಗೂ ಮಾಡ್ತಾರಾ?" ಅಂದರು. ಹೌದು, ಮಾಡುತ್ತಾರೆ. ತೆಳು ರೇಷ್ಮೆ ತಂದು ಅದರ ಮೇಲೆ ಕದ್ದ ಚಿತ್ರ ಅಚ್ಚು ಹಾಕುವುದು ಕಷ್ಟದ ಕೆಲಸವೇನಲ್ಲ.

ರಸೀದಿಯನ್ನು ಮತ್ತೆ ನೋಡಿದೆ. ರೇಷ್ಮೆ ಚೌಕ, 90, ಬೆಲೆ. ಅಷ್ಟೇ. ಯಾವ ಡಿಸೈನು, ಯಾವ ಬಣ್ಣ, ಏನೂ ಇಲ್ಲ. ಆ ಚೀಟಿ ಯಾವ ಸ್ಕಾರ್ಫಿನ ಜೊತೆಗಾದರೂ ಹೋಗಬಹುದಿತ್ತು. ಡಬ್ಬವೂ ಹಾಗೆಯೇ. ಖಾಲಿ ಡಬ್ಬಗಳನ್ನೇ ಬೇರೆಯಾಗಿ ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ.

ನಾನು ಹಣವನ್ನು ಆ ತಾಣದ ಒಳಗೇ ಕಟ್ಟಿದ್ದೆ. ಮಾಲು ಕೈಗೆ ಬಂದ ಎರಡು ದಿನದೊಳಗೆ ತಕರಾರು ಹೇಳಬೇಕಿತ್ತು. ನನ್ನ ಹತ್ತಿರವಿದ್ದ ಇನ್ನೊಂದು ಚೌಕವನ್ನು ಪಕ್ಕದಲ್ಲಿಟ್ಟು ಅಂಚು, ಹಿಂಬದಿ, ತಕ್ಕಡಿ, ಮೂರರದ್ದೂ ಫೋಟೋ ಕಳಿಸಿದೆ. ಒಂಬತ್ತು ದಿನ ಆದ ಮೇಲೆ ಹಣ ವಾಪಸ್ ಬಂತು. ಹೊರಗೆ ನೇರವಾಗಿ ಕೊಟ್ಟಿದ್ದರೆ 160 ಯೂರೋ ಹೋಗೇಹೋಗುತ್ತಿತ್ತು.

ಎರಡನೆಯದು

ಇಷ್ಟಾದ ಮೇಲೆ ಆ ಮೂರು ಮಸುಕು ಫೋಟೋಗಳಿಗೆ ಮತ್ತೆ ಬಂದೆ. ಈ ಸಲ ನೋಡುವ ಕಣ್ಣು ಬೇರೆಯಾಗಿತ್ತು. ಒಂದು ಫೋಟೋದಲ್ಲಿ ಅಂಚು ಸ್ವಲ್ಪ ಕಾಣುತ್ತಿತ್ತು. ಚಪ್ಪಟೆಯಾಗಿತ್ತು, ಆದರೆ ಸುತ್ತಿದ್ದು ಮುಂಬದಿಗೆ. ಲಗಾಮಿನ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮಾರುವವರು ಪಕ್ಕದ ವಿಲೂರ್ಬಾನ್‌ನಲ್ಲಿದ್ದರು. ಬಂದು ನೋಡಬಹುದಾ ಅಂತ ಕೇಳಿದೆ. ಬನ್ನಿ ಅಂದರು.

ಐವತ್ತು ದಾಟಿದ ಗಂಡಸು. ಅವರ ತಾಯಿ ವೃದ್ಧಾಶ್ರಮಕ್ಕೆ ಹೋಗಿದ್ದರಿಂದ ಮನೆ ಖಾಲಿ ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ಚೌಕವನ್ನು ಹರಡಿದರು. ನೋಡಿದಾಗ ಸಂಕಟವಾಯಿತು. ಕೆಂಪು ಬಾರ್ಡರಿನ ಪಕ್ಕದ ಕೆನೆ ಬಣ್ಣಕ್ಕೆ ಎರಡು ಕಡೆ ನಸುಗೆಂಪು ಹರಡಿತ್ತು. ಹೊಳಪು ಹೋಗಿತ್ತು. ಅಂಚು ಇಸ್ತ್ರಿ ಪೆಟ್ಟಿಗೆಯಡಿ ಸಿಕ್ಕು ಪಟ್ಟಿಯ ಹಾಗಾಗಿತ್ತು. ಒಂದು ಮೂಲೆಯಲ್ಲಿ ಸುಮಾರು ಆರು ಸೆಂಟಿಮೀಟರ್ ಉದ್ದಕ್ಕೆ ಬೇರೆ ಕೆಂಪಿನ ದಾರದಲ್ಲಿ ಹೊಲಿದಿದ್ದರು. ನಡುವೆ ಟೀ ಬಣ್ಣದ ಒಂದು ಕಲೆ.

ಟೇಪು ಹಿಡಿದೆ. ಒಂದು ದಿಕ್ಕಿಗೆ 87. ಇನ್ನೊಂದು ದಿಕ್ಕಿಗೆ 89. ಅಳತೆ 90ಕ್ಕೆ 90 ಇರಲೇಬೇಕು ಅನ್ನುವ ಲೆಕ್ಕದಲ್ಲಿ ಹೋದರೆ ಅಲ್ಲಿಗೇ ಎದ್ದು ಬರಬೇಕಿತ್ತು. ನಕಲಿ ಆ ಲೆಕ್ಕದಲ್ಲಿ ಪಾಸಾಗಿತ್ತು, ಇದು ನಪಾಸು. ನನ್ನನ್ನು ಅಲ್ಲಿ ಕೂರಿಸಿದ್ದು ಇದೇ ಪ್ರಶ್ನೆ. ಈ ಬಟ್ಟೆ ಯಾಕೆ ಚಿಕ್ಕದಾಯಿತು?

ಮೂರು ಕಾರಣ ಇರಬಹುದು. ಒಂದು, ನಕಲಿ ಮಾಡಿದವರು ಅಳತೆ ತಪ್ಪಿದ್ದಾರೆ. ಎರಡು, ಅಂಚು ಹರಿದುಹೋಗಿ ಯಾರೋ ಕತ್ತರಿಸಿ ಹೊಸದಾಗಿ ಅಂಚು ಹೊಲಿಸಿದ್ದಾರೆ. ಹಳೆ ಸ್ಕಾರ್ಫುಗಳಿಗೆ ಹೀಗೆ ಮಾಡುವುದುಂಟು, ಸಂಗ್ರಹಕ್ಕೆ ಅದರಿಂದ ಬೆಲೆ ತುಂಬಾ ಇಳಿಯುತ್ತದೆ. ಮೂರು, ನೀರಿಗೆ ಬಿದ್ದು ಕುಗ್ಗಿದೆ.

ಕತ್ತರಿಸಿದ್ದಾರಾ ಅಂತ ಮೊದಲು ನೋಡಿದೆ. ಕತ್ತರಿಸಿದ್ದರೆ ಆ ಕಡೆಯ ಬಾರ್ಡರು ಎದುರಿನ ಬಾರ್ಡರಿಗಿಂತ ಕಿರಿದಾಗಬೇಕು. ನಾಲ್ಕೂ ಕಡೆ ಅಳೆದೆ. ಎದುರುಬದುರಿನವು ಒಂದೇ ಅಗಲ ಇದ್ದವು. ಚಿತ್ರದ ಒಳಗಿನ ದೂರಗಳನ್ನೂ ಅಳೆದೆ. 87ರ ದಿಕ್ಕಿನಲ್ಲಿ ಮೊಗವಾಡಗಳೂ ಅದೇ ಪ್ರಮಾಣದಲ್ಲಿ ಒತ್ತಿಕೊಂಡಿದ್ದವು. ಬಟ್ಟೆಯ ಜೊತೆ ಚಿತ್ರವೂ ಕುಗ್ಗಿದೆ. ಅಂದರೆ ಚಿತ್ರ ಅಚ್ಚಾದ ಮೇಲೆಯೇ ಕುಗ್ಗಿದೆ, ಯಾರೂ ಕತ್ತರಿ ಹಾಕಿಲ್ಲ.

ಆಮೇಲೆ ಅಂಚಿನ ಉದ್ದಕ್ಕೂ ಬೆರಳು ಎಳೆದೆ. ಸಣ್ಣ ಸಣ್ಣ ನಿರಿಗೆಗಳು ಸಿಕ್ಕವು. ಬಟ್ಟೆ ಕುಗ್ಗಿದಷ್ಟು ಹೊಲಿಗೆ ದಾರ ಕುಗ್ಗದಿದ್ದರೆ ಹೀಗಾಗುತ್ತದೆ. ಕುಗ್ಗಿದ ಮೇಲೆ ಹೊಸದಾಗಿ ಅಂಚು ಹೊಲಿಸಿದ್ದರೆ ಅಂಚು ನೆಟ್ಟಗೆ ಕೂರುತ್ತಿತ್ತು. ಹಾಗಾಗಿ ಆ ಮೂಲೆಯ ಆರು ಸೆಂಟಿಮೀಟರ್ ಬಿಟ್ಟರೆ ಉಳಿದ ಅಂಚು ಮೊದಲಿನದ್ದೇ.

ತೂಕ 63 ಗ್ರಾಂ. ಬ್ಯಾಗಿನಲ್ಲಿ ಪುಟ್ಟ ತಕ್ಕಡಿ ತಂದಿದ್ದೆ. 87ಕ್ಕೆ 89 ಅಂದರೆ ಒಂದು ಚದರ ಮೀಟರಿಗೆ 81 ಗ್ರಾಂ ಬೀಳುತ್ತದೆ. ಅಸಲಿ ಚೌಕ 65 ಗ್ರಾಂ ಅಂದರೆ ಚದರ ಮೀಟರಿಗೆ 80. ನಕಲಿಗೆ ಚದರ ಮೀಟರಿಗೆ 63 ಮಾತ್ರ ಬಂದಿತ್ತು. ಬಟ್ಟೆ ಕುಗ್ಗಿದರೆ ಒಟ್ಟು ತೂಕ ಹಾಗೇ ಇರುತ್ತದೆ, ಚದರ ಮೀಟರಿನ ಲೆಕ್ಕ ಸ್ವಲ್ಪ ಏರುತ್ತದೆ. ಹಾಗಾಗಿ ಎರಡು ಲೆಕ್ಕವನ್ನೂ ನೋಡಬೇಕು.

ತೂಕದ ಮಾತು ಬಂದದ್ದಕ್ಕೆ ಒಂದು ವಿಷಯ. ರೇಷ್ಮೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒದ್ದೆ ದಿನ ತೂಕ ಜಾಸ್ತಿ ತೋರಿಸುತ್ತದೆ. ಇದನ್ನೇ ಬಂಡವಾಳ ಮಾಡಿಕೊಂಡು ಮೋಸ ಮಾಡುವವರು ಇದ್ದದ್ದರಿಂದ 1805ರಲ್ಲಿ ನೆಪೋಲಿಯನ್ ಕಾಲದಲ್ಲಿ ಲಿಯೋನ್‌ನಲ್ಲಿ ಸರ್ಕಾರವೇ ರೇಷ್ಮೆ ಒಣಗಿಸಿ ತೂಗುವ ಕಚೇರಿ ತೆರೆಯಿತು. ಅದರ ಕಟ್ಟಡ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಈಗ ಅಲ್ಲಿ ಗ್ರಂಥಾಲಯ ಇದೆ. ಮಾವನಿಗೆ ಇದನ್ನು ಹೇಳಿದಾಗ ತುಂಬಾ ಖುಷಿಪಟ್ಟರು. ಗೂಡಿನ ಮಾರ್ಕೆಟ್ಟಿನಲ್ಲಿ ಅವರು ದಿನಾ ಎದುರಿಸುವ ಜಗಳ ಅದು. ನಾನು ಆಮೇಲಿಂದ ಎರಡು ಚೌಕ ಹೋಲಿಸುವಾಗ ಒಂದೇ ದಿನ, ಒಂದೇ ಕೋಣೆಯಲ್ಲಿ ತೂಗುತ್ತೇನೆ.

ಆ ದಿನ ತೀರ್ಮಾನ ಹೇಳದೆ, ನಾಳೆ ಫೋನ್ ಮಾಡುತ್ತೇನೆ ಅಂತ ಹೇಳಿ, ಫೋಟೋ ತೆಗೆದುಕೊಂಡು ಬಂದೆ.

ಮಾವ ಹೇಳಿದ್ದು

ಮಾವನಿಗೆ ಫೋಟೋ ಕಳಿಸಿ ಕಾಲ್ ಮಾಡಿದೆ. ನಾನು ಬಾಯಿ ತೆಗೆಯುವ ಮುಂಚೆಯೇ ಹೇಳಿದರು. "ಇದು ನೀರಿಗೆ ಬಿದ್ದಿರೋ ಮಾಲು ಕಣಮ್ಮಾ."

"ಅದ್ಹೇಗೆ ಹೇಳ್ತೀರ ಮಾವ?"

"ಒಂದು ಕಡೆ ಜಾಸ್ತಿ ಕುಗ್ಗಿದೆ ಅಂತೀಯ. ಅದು ಹಾಸಿನ ಕಡೆ ಇರುತ್ತೆ. ಮಗ್ಗದಲ್ಲಿ ಹಾಸು ಎಳ್ಕೊಂಡು ನಿಂತಿರುತ್ತಲ್ಲ, ನೀರು ಕಂಡ ತಕ್ಷಣ ಬಿಗಿ ಬಿಟ್ಟು ಒಳಗೆ ಬರುತ್ತೆ. ಹೊಕ್ಕು ಅಷ್ಟು ಬರಲ್ಲ. ಬಣ್ಣ ಬಿಟ್ಟಿದೆ ನೋಡು. ಬಿಸಿನೀರೇ ಹಾಕಿರ್ಬೇಕು. ಆಮೇಲೆ ಸೋಪು ಹಾಕಿ ಉಜ್ಜಿದಾರೆ, ಅದಕ್ಕೇ ಹೊಳಪಿಲ್ಲ. ಒಣಗಿದ ಮೇಲೆ ಸುಕ್ಕು ಹೋಗ್ಲಿ ಅಂತ ಇಸ್ತ್ರಿ ಒತ್ತಿದಾರೆ."

ಹಾಸು ಅಂದರೆ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡದ ಎಳೆ. ನಾಲ್ಕು ದೋಷ, ನಾಲ್ಕಕ್ಕೂ ಒಂದೇ ಕಾರಣ. ಕುಗ್ಗಿದ್ದು, ಬಣ್ಣ ಹರಡಿದ್ದು, ಮಂಕಾದದ್ದು, ಅಂಚು ಚಪ್ಪಟೆಯಾದದ್ದು. ಈ ಬಟ್ಟೆಯ ಕಥೆ ಒಂದಕ್ಕೊಂದು ಹೊಂದುತ್ತಿತ್ತು. ನಕಲಿಯಲ್ಲಿ ಹೀಗಿರಲಿಲ್ಲ. ಡಬ್ಬ ಒಂದು ಕಡೆಯದು, ರಸೀದಿ ಇನ್ನೊಂದು ಕಡೆಯದು, ಅಂಚು ಮತ್ತೊಂದು ರೂಢಿಯದು.

ಇಲ್ಲಿ ಎಚ್ಚರ ತಪ್ಪಬಾರದು. ನಕಲಿಯನ್ನೂ ನೀರಿಗೆ ಹಾಕಬಹುದು, ಅದೂ ಕುಗ್ಗುತ್ತದೆ. ಒಗೆತದ ಗುರುತುಗಳು ಈ ಚೌಕ ಯಾಕೆ ಹೀಗಾಯಿತು ಅಂತ ಹೇಳುತ್ತವೆ, ಅಷ್ಟೇ. ಅದು ಅಸಲಿ ಅನ್ನುವುದಕ್ಕೆ ಆಧಾರ ಬೇರೆ. ಮುಂಬದಿಗೆ ಸುತ್ತಿದ ಕೈಹೊಲಿಗೆ, ಒಂದರ ಮೇಲೊಂದು ಸರಿಯಾಗಿ ಕೂತ ಬಣ್ಣ, ಹಿಂಬದಿಗೂ ಇಳಿದ ಚಿತ್ರ, ಬಟ್ಟೆಯ ದಪ್ಪ. ಈ ಎರಡು ಲೆಕ್ಕವನ್ನು ಬೇರೆ ಬೇರೆ ಇಟ್ಟು ನೋಡಿದೆ. ಎರಡೂ ಕೂಡಿ ಬಂದವು. ಲೇಬಲ್ ಇಲ್ಲದ್ದಕ್ಕೆ ನಾನು ತಲೆಕೆಡಿಸಿಕೊಳ್ಳಲಿಲ್ಲ. ತುಂಬಾ ಹಳೆಯವಕ್ಕೆ ಲೇಬಲ್ಲೇ ಇರುತ್ತಿರಲಿಲ್ಲ. ಇದ್ದವನ್ನೂ ಕುತ್ತಿಗೆಗೆ ಚುಚ್ಚುತ್ತದೆ ಅಂತ ಎಷ್ಟೋ ಜನ ಕತ್ತರಿಸಿಬಿಡುತ್ತಾರೆ.

ಮಾವ ಇನ್ನೊಂದು ಲೆಕ್ಕ ಹಾಕಿದರು. 65 ಗ್ರಾಂ ಬಟ್ಟೆ ಅಂದರೆ ಎಳೆಯ ಮೇಲಿರುವ ಅಂಟು ಬಿಡಿಸುವ ಮುಂಚೆ 80, 85 ಗ್ರಾಂ ಕಚ್ಚಾ ನೂಲು. "ಒಳ್ಳೆ ಬೈವೋಲ್ಟಿನ್ ಗೂಡೇ ಆದ್ರೂ ಮುನ್ನೂರು ಬೇಕು ಕಣಮ್ಮಾ." ಬೈವೋಲ್ಟಿನ್ ಅಂದರೆ ನೂಲು ಜಾಸ್ತಿ ಕೊಡುವ ತಳಿ. ಕಂಪನಿ ಒಂದು ಚೌಕಕ್ಕೆ ಹೇಳುವ ಲೆಕ್ಕವೂ ಸುಮಾರು 300 ಗೂಡು. ಈಗ ಅವರಿಗೆ ನೂಲು ಬರುವುದು ಬ್ರೆಜಿಲ್‌ನಿಂದ. ಶಿಡ್ಲಘಟ್ಟದ ಅಂದಾಜು ಅಷ್ಟು ಹತ್ತಿರ ಬಂದದ್ದು ನೋಡಿ ನನಗೆ ಹೆಮ್ಮೆಯಾಯಿತು.

ಬೆಲೆ

ಮರುದಿನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ನಿಮ್ಮ ತಾಯಿ ಇದನ್ನು ನೀರಿನಲ್ಲಿ ಒಗೆಯುತ್ತಿದ್ದರಾ? ಉತ್ತರವನ್ನು ನಾನು ಅವರ ಬಾಯಿಗೆ ಇಡಬಾರದು ಅಂತ ಬೇರೇನೂ ಹೇಳಲಿಲ್ಲ. ಅವರು ನಕ್ಕರು. ಪ್ರತಿ ಬೇಸಿಗೆಯ ಕೊನೆಗೆ ಮಾರ್ಸೇಯ್ ಸೋಪು ಹಚ್ಚಿ ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ಇಡುತ್ತಿದ್ದರಂತೆ. ಕಾರು ಓಡಿಸುವಾಗ ತಲೆಗೆ ಕಟ್ಟಿಕೊಳ್ಳುತ್ತಿದ್ದರಂತೆ. ಮೂಲೆ ಕಾರಿನ ಬಾಗಿಲಿಗೆ ಸಿಕ್ಕಿ ಹರಿದಾಗ ತಾವೇ ಹೊಲಿದುಕೊಂಡರಂತೆ.

ನಾನು ನೋಡಿದ್ದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಇದು ಅಸಲಿ ಅಂತ ನನಗೆ ಅನಿಸುತ್ತದೆ, ಆದರೆ ಒಗೆದದ್ದರಿಂದ ಸಂಗ್ರಹ ಮಾಡುವವರು ಪೂರ್ತಿ ಬೆಲೆ ಕೊಡುವುದಿಲ್ಲ, ಒಳ್ಳೆ ಸ್ಥಿತಿಯಲ್ಲಿದ್ದಿದ್ದರೆ ನೀವು ಕೇಳಿದ್ದಕ್ಕಿಂತ ಜಾಸ್ತಿಯೇ ಸಿಗುತ್ತಿತ್ತು. 80 ಯೂರೋ ಕೊಡಬಲ್ಲೆ ಅಂದೆ. ಒಪ್ಪಿದರು. ದೋಷ ಮಾತ್ರ ಎತ್ತಿ ಹೇಳಿ ಇನ್ನೂ ಕಮ್ಮಿಗೆ ಎಳೆಯಬಹುದಿತ್ತು. ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದವರ ಹತ್ತಿರ ಅರ್ಧ ಮಾತು ಹೇಳಿ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಸ್ವಲ್ಪ ದಿನದ ಹಿಂದಷ್ಟೇ ನನಗೇ ಯಾರೋ ಅರ್ಧ ಮಾತು ಹೇಳಿ ಮಾರಿದ್ದರು.

ಮನೆಗೆ ತಂದ ಮೇಲೆ

ಈ ಪ್ರಕರಣದಲ್ಲಿ ದೊಡ್ಡ ತಪ್ಪು ನಡೆದದ್ದು ಕೊಂಡ ಮೇಲೆ. ತಪ್ಪು ನನ್ನದೇ.

ನಡುವಿನ ಟೀ ಬಣ್ಣದ ಕಲೆ ಕಣ್ಣಿಗೆ ಕುಕ್ಕುತ್ತಿತ್ತು. ಇದು ಹೇಗೂ ನೂರು ಸಲ ನೀರು ಕಂಡ ಬಟ್ಟೆ, ಒಂದು ಹನಿ ನೀರಿಂದ ಏನಾದೀತು ಅಂದುಕೊಂಡೆ. ಬಿಳಿ ಬಟ್ಟೆ ಒದ್ದೆ ಮಾಡಿ ಕಲೆಯ ಮೇಲೆ ಒತ್ತಿದೆ. ಕಲೆ ಹೋಗಲಿಲ್ಲ. ಒಣಗಿದ ಮೇಲೆ ಅದರ ಸುತ್ತ ತಟ್ಟೆಯಷ್ಟು ಅಗಲದ ಒಂದು ಉಂಗುರ ಮೂಡಿತು. ಬಟ್ಟೆಯಲ್ಲಿ ಉಳಿದಿದ್ದ ಕೊಳೆ, ಸೋಪಿನ ಅಂಶ ಎಲ್ಲವನ್ನೂ ನೀರು ಎಳೆದುಕೊಂಡು ಹೋಗಿ, ತಾನು ಒಣಗಿದ ಅಂಚಿನಲ್ಲಿ ಬಿಟ್ಟಿತ್ತು. ಇಡೀ ಬಟ್ಟೆ ನೀರಲ್ಲಿ ಮುಳುಗಿದರೆ ಹೀಗೆ ಉಂಗುರ ಆಗುವುದಿಲ್ಲ. ಒಂದು ಕಡೆ ಮಾತ್ರ ಒದ್ದೆ ಮಾಡಿದ್ದೇ ಕೇಡಾಯಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆ ತಾಯಿ ಅಷ್ಟು ವರ್ಷ ಒಗೆದೂ ಮಾಡದ ಕಲೆಯನ್ನು ನಾನು ಒಂದು ಸಂಜೆಯಲ್ಲಿ ಮಾಡಿದ್ದೆ.

ಡ್ರೈಕ್ಲೀನಿಂಗ್ ಅಂಗಡಿಗೆ ಒಯ್ದೆ. ಅಂಚಿನ ಮೇಲೆ ಇಸ್ತ್ರಿ ಇಡಬೇಡಿ ಅಂತ ಚೀಟಿಯಲ್ಲಿ ಬರೆಸಿ, ನಾಲ್ಕೂ ಮೂಲೆಗೆ ಪಿನ್ನಿನಲ್ಲಿ ಕಾಗದ ಸಿಕ್ಕಿಸುತ್ತೇನೆ ಅಂದೆ. ಅಂಗಡಿಯಾಕೆ ಪಿನ್ನು ತೂತು ಮಾಡುತ್ತದೆ, ನೆನಪಿಟ್ಟುಕೊಳ್ಳುತ್ತೇನೆ ಬಿಡಿ ಅಂದರು. ಮಾತು ಉಳಿಸಿಕೊಂಡರು. ಉಂಗುರ ಮುಕ್ಕಾಲು ಪಾಲು ಹೋಯಿತು. ಟೀ ಕಲೆ ಹಾಗೇ ಇದೆ. ಬೆಳಕಿಗೆ ಹಿಡಿದರೆ ಉಂಗುರ ಈಗಲೂ ತೆಳುವಾಗಿ ಕಾಣುತ್ತದೆ.

ಅಂಚನ್ನು ಮಾತ್ರ ಸ್ವಲ್ಪ ಎಬ್ಬಿಸಿದೆ. ಊರಲ್ಲಿ ಅಮ್ಮ ಹಳೆ ಸೀರೆಯ ಮಡಿಕೆ ಗೆರೆ ಬಿಡಿಸಲು ಸ್ನಾನದ ನೀರಿನ ಹಬೆ ತುಂಬಿದ ಕೋಣೆಯಲ್ಲಿ ನೇತು ಹಾಕುತ್ತಿದ್ದರು. ಅದನ್ನೇ ಮಾಡಿದೆ. ಅರ್ಧ ಗಂಟೆ ನೇತು ಹಾಕಿ, ಹನಿ ಬೀಳದ ಹಾಗೆ ನೋಡಿಕೊಂಡು, ಆಮೇಲೆ ಒಣ ಬೆರಳಲ್ಲಿ ಅಂಚನ್ನು ಮೆಲ್ಲಗೆ ಉರುಳಿಸುತ್ತಾ ಹೋದೆ. ನಾಲ್ಕು ಭಾನುವಾರ ಹಿಡಿಯಿತು. ಮೂರು ಬದಿಯಲ್ಲಿ ಸುರುಳಿ ಮತ್ತೆ ದುಂಡಗಾಯಿತು. ನಾಲ್ಕನೆಯದು, ಇಸ್ತ್ರಿ ಜಾಸ್ತಿ ತಿಂದ ಬದಿ, ಏಳಲಿಲ್ಲ. ಬಲವಂತ ಮಾಡಲಿಲ್ಲ.

ಮೂಲೆಯ ಹೊಲಿಗೆಯ ಬಗ್ಗೆ ಯೋಚಿಸಿದೆ. ಹೊಂದುವ ದಾರ ತಂದು ಮತ್ತೆ ಹೊಲಿಸಬಹುದು. ಇಲ್ಲಿ ಅಂಥ ಕೈಗಳಿವೆ. ಬೆಲೆಯ ದೃಷ್ಟಿಯಿಂದ ಅದೇ ಸರಿ. ನಾನು ಇದನ್ನು ಮಾರಲು ಕೊಂಡಿಲ್ಲ. ಬೇಡ ಅಂತ ಬಿಟ್ಟೆ.

ನನ್ನ ಪ್ರತಿ ಚೌಕದ ಜೊತೆ ಒಂದು ಚೀಟಿ ಇರುತ್ತದೆ. ಇದರ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ:

"ಬ್ರೀದ್ ದ ಗಾಲಾ. ಕೆಂಪು, ಕೆನೆ. 87ಕ್ಕೆ 89. 63 ಗ್ರಾಂ. ಲೇಬಲ್ ಇಲ್ಲ, ಡಬ್ಬ ಇಲ್ಲ. ವಿಲೂರ್ಬಾನ್, 80 ಯೂರೋ. ನೀರಲ್ಲಿ ಒಗೆದದ್ದು. ಬಾರ್ಡರ್ ಪಕ್ಕ ಬಣ್ಣ ಹರಡಿದೆ. ನಡುವಿನ ಕಲೆ ಮೊದಲೇ ಇತ್ತು, ಸುತ್ತಲಿನ ಉಂಗುರ ನಾನು ಮಾಡಿದ್ದು. ಮೂಲೆಯ ಹೊಲಿಗೆ ಮೊದಲ ಒಡತಿಯದು. ಬಿಚ್ಚಬಾರದು."